ಅಂಕಿತದಿಂದ ವಚನಕಾರರವರೆಗೆ: ದತ್ತಸಂಚಯದಿಂದ ಸಂಬಂಧಿತ ದಾಖಲೆಗಳನ್ನು ತರುವ ಬಗೆ

ವಚನವೊಂದನ್ನು ಓದುವಾಗ ನಮ್ಮ ಕಣ್ಣು ಕೊನೆಯಲ್ಲಿರುವ ಅಂಕಿತದ ಕಡೆಗೆ ತಾನಾಗಿಯೇ ಹರಿಯುತ್ತದೆ. ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರು, ‘ಗುಹೇಶ್ವರ’ ಎಂದಿದ್ದರೆ ಅಲ್ಲಮಪ್ರಭುಗಳು, ‘ಚೆನ್ನಮಲ್ಲಿಕಾರ್ಜುನ’ ಎಂದಿದ್ದರೆ ಅಕ್ಕಮಹಾದೇವಿ, ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂದಿದ್ದರೆ ನಮ್ಮ ಸೊನ್ನಲಿಗೆಯ ಸಿದ್ಧರಾಮರು. ಅಂಕಿತವು ವಚನಕಾರರ ಊರು, ಕಾಲ, ಕಾಯಕ, ಗುರುಪರಂಪರೆಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ಅದು ಕೇವಲ ಬೆರಳು ಮಾಡಿ ತೋರಿಸುತ್ತದೆ. ಉಳಿದ ವಿವರಗಳನ್ನು ನಾವು ಬೇರೊಂದು ಕಡೆಯಿಂದ, ಅಂದರೆ ಕವಿಚರಿತೆಯಿಂದಲೋ ಸಂಪುಟದ ಪೀಠಿಕೆಯಿಂದಲೋ ತಂದುಕೊಳ್ಳುತ್ತೇವೆ.

ಒಂದು ಕಡೆ ಇರುವ ದಾಖಲೆಯು ಇನ್ನೊಂದು ಕಡೆ ಇರುವ ದಾಖಲೆಯನ್ನು ಹೀಗೆ ಸೂಚಿಸುವ ಕ್ರಮವೇ ಇಂದಿನ ಗಣಕಯಂತ್ರದ ದತ್ತಸಂಚಯಗಳ, ಅಂದರೆ ನಾವು ಡೇಟಾಬೇಸ್ ಎಂದು ಕರೆಯುವ ವ್ಯವಸ್ಥೆಗಳ, ಅಡಿಪಾಯವಾಗಿದೆ. ವಚನ, ಶಾಸನ, ನಿಘಂಟು, ಹಸ್ತಪ್ರತಿಗಳೆಲ್ಲ ಜಾಲತಾಣಗಳಿಗೆ ಏರುತ್ತಿರುವ ಈ ಕಾಲದಲ್ಲಿ, ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಈ ಸಂಬಂಧಗಳ ಸ್ವರೂಪವನ್ನು ಅರಿತಿರುವುದು ಅಗತ್ಯ. ಸಂಬಂಧಿತ ದಾಖಲೆಗಳನ್ನು ತರುವ ಕ್ರಮ ತಪ್ಪಿದರೆ ಆಗುವ ಹಾನಿ ಎರಡು ಬಗೆಯದು: ಪುಟವು ಓದುಗನಿಗೆ ತಡವಾಗಿ ಒದಗುತ್ತದೆ, ಕೆಲವೊಮ್ಮೆ ಸಾಹಿತ್ಯದ ಒಂದು ಭಾಗವೇ ಸದ್ದಿಲ್ಲದೆ ಪುಟದಿಂದ ಮಾಯವಾಗುತ್ತದೆ. ಈ ಎರಡನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸೋಣ.

ಕೋಷ್ಟಕಗಳು ಮತ್ತು ಕೀಲಿಗಳು

ವಚನಗಳ ಒಂದು ಜಾಲತಾಣವನ್ನು ಕಲ್ಪಿಸಿಕೊಳ್ಳಿ. ಅದರ ದತ್ತಸಂಚಯದಲ್ಲಿ ಎರಡು ಕೋಷ್ಟಕಗಳಿವೆ. ಮೊದಲನೆಯದು ‘ವಚನಕಾರರು’, ಅಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಲು. ಕ್ರಮಸಂಖ್ಯೆ, ಹೆಸರು, ಅಂಕಿತ, ಪರಿಚಯ ಇವು ಅದರ ಅಂಕಣಗಳು. ಎರಡನೆಯದು ‘ವಚನಗಳು’, ಅಲ್ಲಿ ವಚನದ ಕ್ರಮಸಂಖ್ಯೆ, ಪಠ್ಯ ಮತ್ತು ಆ ವಚನ ಯಾರದೆಂದು ಸೂಚಿಸುವ ವಚನಕಾರ-ಸಂಖ್ಯೆ ಇರುತ್ತವೆ. ವಚನಕಾರರ ಕೋಷ್ಟಕದ ಕ್ರಮಸಂಖ್ಯೆಯನ್ನು ‘ಪ್ರೈಮರಿ ಕೀ’ ಎಂದೂ, ವಚನಗಳ ಕೋಷ್ಟಕದಲ್ಲಿ ಕುಳಿತು ಅದನ್ನು ಸೂಚಿಸುವ ಸಂಖ್ಯೆಯನ್ನು ‘ಫಾರಿನ್ ಕೀ’ ಎಂದೂ ಕರೆಯುತ್ತಾರೆ.

ಪ್ರತಿ ವಚನದ ಸಾಲಿನಲ್ಲಿಯೇ ವಚನಕಾರರ ಪರಿಚಯವನ್ನೆಲ್ಲ ಬರೆದುಬಿಡಬಹುದಲ್ಲವೇ ಎಂದು ಕೇಳಬಹುದು. ಹಾಗೆ ಮಾಡಿದರೆ, ಸಿದ್ಧರಾಮರ ಪರಿಚಯದಲ್ಲಿ ಒಂದು ಪದವನ್ನು ತಿದ್ದಬೇಕಾದಾಗ ಅವರ ಎಲ್ಲ ವಚನಗಳ ಸಾಲುಗಳನ್ನೂ ತಿದ್ದಬೇಕಾಗುತ್ತದೆ. ಎಲ್ಲೋ ಒಂದೆರಡು ಸಾಲುಗಳು ತಪ್ಪಿಹೋಗಿ, ಒಂದೇ ವ್ಯಕ್ತಿಗೆ ಎರಡು ಚರಿತ್ರೆಗಳು ಹುಟ್ಟಿಕೊಳ್ಳುತ್ತವೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಬೇಕಾದಲ್ಲೆಲ್ಲ ಅದನ್ನು ಸೂಚಿಸುವುದೇ ಕ್ಷೇಮ.

ಅಂಕಿತವನ್ನೇ ಕೀಲಿಯನ್ನಾಗಿ ಏಕೆ ಬಳಸಬಾರದು ಎಂಬುದು ಇನ್ನೊಂದು ಪ್ರಶ್ನೆ. ‘ಕೂಡಲಸಂಗಮದೇವ’ ಎಂಬ ಅಂಕಿತವೇ ‘ಕೂಡಲಸಂಗಯ್ಯ’ ಎಂದೂ ಬರುತ್ತದೆಂಬುದನ್ನು ನೀವು ಬಲ್ಲಿರಿ. ‘ಚೆನ್ನ’ ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ‘ಚನ್ನ’ ಎಂದು ಬರೆಯುತ್ತಾರೆ. ಅಂಕಿತವೇ ಇಲ್ಲದ ವಚನಗಳೂ ಇವೆ. ಓದುಗನಿಗೆ ಈ ಪಾಠಾಂತರಗಳು ತೊಡಕಲ್ಲ. ಯಂತ್ರಕ್ಕೆ ಒಂದಕ್ಷರ ಬೇರೆಯಾದರೂ ಅದು ಬೇರೆಯೇ ಹೆಸರು. ಯೂನಿಕೋಡ್ ಸಂಕೇತಕ್ರಮದಲ್ಲಿ ‘ಕೊ’ ಎಂಬ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರಗಳ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ, ಒಳಗೆ ಮಾತ್ರ ಬೇರೆ ಬೇರೆ. ಆದ್ದರಿಂದ ಕೀಲಿಯಾಗಿ ಅರ್ಥವಿಲ್ಲದ ಒಂದು ಸಂಖ್ಯೆಯನ್ನು ಇಟ್ಟು, ಅಂಕಿತವನ್ನು ಅಧ್ಯಯನದ ವಿಷಯವಾಗಿ ಉಳಿಸಿಕೊಳ್ಳುವುದು ವಿವೇಕ.

ನಾವಿಕನೋ, ಪ್ರಶ್ನೆ ಕೇಳುವವನೋ?

ಈ ಕೋಷ್ಟಕ ಪದ್ಧತಿಗೆ ಒಂದು ಚರಿತ್ರೆಯಿದೆ. 1970ರಲ್ಲಿ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು ದತ್ತಾಂಶಗಳನ್ನು ಸಂಬಂಧಗಳ ರೂಪದಲ್ಲಿ ಇರಿಸುವ ಮಾದರಿಯನ್ನು ಒಂದು ಪ್ರಬಂಧದಲ್ಲಿ ಮಂಡಿಸಿದರು. ಅದಕ್ಕೆ ಹಿಂದಿನ ವ್ಯವಸ್ಥೆಗಳಲ್ಲಿ, ಒಂದು ದಾಖಲೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೊಂಡಿ ಹಿಡಿದು ನಡೆಯುವ ದಾರಿಯನ್ನು ಪ್ರೋಗ್ರಾಮ್ ಬರೆಯುವವನೇ ಹೇಳಬೇಕಾಗಿತ್ತು. ಅಂಥ ವ್ಯವಸ್ಥೆಯ ಪ್ರವರ್ತಕರಾದ ಚಾರ್ಲ್ಸ್ ಬಾಕ್‌ಮನ್ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ, ಪ್ರೋಗ್ರಾಮ್ ಬರೆಯುವವನನ್ನು ನಾವಿಕನೆಂದೇ ಕರೆದು ಉಪನ್ಯಾಸ ನೀಡಿದರು.

ಕಾಡ್ ಅವರ ಆಲೋಚನೆ ಇದಕ್ಕಿಂತ ಭಿನ್ನ. ಬೇಕಾದದ್ದು ಏನೆಂಬುದನ್ನು ಮಾತ್ರ ಹೇಳಬೇಕು. ಅದನ್ನು ತಲುಪುವ ದಾರಿಯನ್ನು ವ್ಯವಸ್ಥೆಯೇ ಹುಡುಕಿಕೊಳ್ಳಬೇಕು. ಉತ್ತರವೂ ಬಿಡಿ ದಾಖಲೆಯಾಗಿ ಬಾರದೆ, ದಾಖಲೆಗಳ ಒಂದು ಗಣವಾಗಿ ಒಟ್ಟಿಗೆ ಬರಬೇಕು. ಈ ಮಾದರಿಯನ್ನು ಆಧರಿಸಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಒಂದು ಪ್ರಶ್ನಭಾಷೆಯನ್ನು ಪ್ರಕಟಿಸಿದರು. ಅದು ಬೆಳೆದು ಇಂದು ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಕ್ಯೂಎಲ್ ಆಗಿದೆ. 1981ರ ಟ್ಯೂರಿಂಗ್ ಪ್ರಶಸ್ತಿ ಕಾಡ್ ಅವರಿಗೆ ಸಂದಿತು. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ತೊಡಕು ಸುಲಭವಾಗಿ ಅರ್ಥವಾಗುತ್ತದೆ.

ನೂರೊಂದು ಪ್ರಶ್ನೆಗಳ ಪುಟ

ನಮ್ಮ ಜಾಲತಾಣದ ಒಂದು ಪುಟದಲ್ಲಿ 100 ವಚನಗಳನ್ನು, ಪ್ರತಿಯೊಂದರ ಕೆಳಗೆ ವಚನಕಾರರ ಹೆಸರಿನೊಡನೆ ತೋರಿಸಬೇಕಾಗಿದೆ ಎಂದುಕೊಳ್ಳೋಣ. ಪ್ರೋಗ್ರಾಮು ಮೊದಲು ದತ್ತಸಂಚಯಕ್ಕೆ ‘100 ವಚನಗಳನ್ನು ಕೊಡು’ ಎಂದು ಒಂದು ಪ್ರಶ್ನೆ ಕಳುಹಿಸುತ್ತದೆ. ವಚನಗಳು ಬರುತ್ತವೆ. ಅನಂತರ ಒಂದೊಂದೇ ವಚನವನ್ನು ತೆಗೆದುಕೊಂಡು ಅದರ ವಚನಕಾರ-ಸಂಖ್ಯೆಯನ್ನು ನೋಡಿ, ‘ಈ ಸಂಖ್ಯೆಯ ವಚನಕಾರರು ಯಾರು?’ ಎಂದು ಮತ್ತೆ ಕೇಳುತ್ತದೆ. ನೂರು ವಚನಗಳಿಗೆ ಇಂಥ ನೂರು ಪ್ರಶ್ನೆಗಳು. ಮೊದಲಿನದೂ ಸೇರಿ 101. ಆ ನೂರರಲ್ಲಿ ನಲವತ್ತು ವಚನಗಳು ಸಿದ್ಧರಾಮರವೇ ಆಗಿದ್ದರೂ ಅವರ ಹೆಸರನ್ನು ನಲವತ್ತು ಸಲ ಕೇಳುವ ಪ್ರೋಗ್ರಾಮುಗಳು ಅಪರೂಪವಲ್ಲ. ದಾಖಲೆಗಳ ಸಂಖ್ಯೆಯನ್ನು ‘ಎನ್’ ಎಂದು ಹಿಡಿದು, ಈ ದೋಷವನ್ನು ‘ಎನ್ ಪ್ಲಸ್ ಒನ್’ ಸಮಸ್ಯೆ ಎಂದು ಕರೆಯುವುದು ರೂಢಿ.

ಸಂತೆಗೆ ಹೋದವನು ಉಪ್ಪು ಕೊಂಡು ಮನೆಗೆ ಬಂದು, ಮೆಣಸಿಗಾಗಿ ಮತ್ತೆ ಸಂತೆಗೆ ಹೋಗಿ, ಬೆಲ್ಲಕ್ಕಾಗಿ ಮೂರನೆಯ ಸಲ ಹೊರಟಂತೆ ಇದು. ಸಾಮಾನುಗಳ ಭಾರಕ್ಕಿಂತ ದಾರಿಯ ಓಡಾಟವೇ ಹೆಚ್ಚು. ಪ್ರತಿ ಪ್ರಶ್ನೆಯೂ ಸರ್ವರಿನಿಂದ ದತ್ತಸಂಚಯಕ್ಕೆ ಹೋಗಿ ಉತ್ತರದೊಡನೆ ಮರಳಬೇಕು. ಒಂದು ಸಲದ ಹೋಗಿಬರುವಿಕೆಗೆ 2 ಮಿಲಿಸೆಕೆಂಡು ತಗಲುವುದಾದರೆ 101 ಪ್ರಶ್ನೆಗಳಿಗೆ 202 ಮಿಲಿಸೆಕೆಂಡು. ದತ್ತಸಂಚಯ ಬೇರೊಂದು ಊರಿನ ಯಂತ್ರದಲ್ಲಿದ್ದು ಒಂದು ಪಯಣಕ್ಕೆ 20 ಮಿಲಿಸೆಕೆಂಡು ಹಿಡಿದರೆ, ಒಟ್ಟು ಎರಡು ಸೆಕೆಂಡುಗಳಿಗೂ ಮೀರುತ್ತದೆ. ಪ್ರತಿ ವಚನದ ಟಿಪ್ಪಣಿಗಳನ್ನೂ ಹೀಗೆಯೇ ಕೇಳತೊಡಗಿದರೆ ಪ್ರಶ್ನೆಗಳು 201 ಆಗುತ್ತವೆ. ಇದು ಒಬ್ಬ ಓದುಗನ ಲೆಕ್ಕ. ಒಂದು ತರಗತಿಯ ಐವತ್ತು ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಆ ಪುಟವನ್ನು ತೆರೆದರೆ, ಹತ್ತು ಸಾವಿರಕ್ಕೂ ಮಿಕ್ಕ ಪ್ರಶ್ನೆಗಳು ಒಟ್ಟಿಗೆ ಬಂದು ಮುತ್ತುತ್ತವೆ. ಅಕ್ಕಲಕೋಟೆಯ ಅಥವಾ ಜತ್ತದ ಹಳ್ಳಿಯೊಂದರಲ್ಲಿ ದುರ್ಬಲ ಸಂಪರ್ಕದ ಮೊಬೈಲ್ ಹಿಡಿದು ಕಾಯುತ್ತಿರುವ ಓದುಗನಿಗೆ ಈ ವಿಳಂಬವು ಅವನ ಸಂಪರ್ಕದ ವಿಳಂಬದ ಮೇಲೆ ಬಿದ್ದ ಇನ್ನೊಂದು ಹೊರೆ.

ಈ ದೋಷ ಕಣ್ಣಿಗೆ ಬೀಳದಿರಲು ಕಾರಣವಿದೆ. ಇಂದು ಜಾಲತಾಣಗಳನ್ನು ಬಹುಮಟ್ಟಿಗೆ ಜ್ಯಾಂಗೊ, ರೂಬಿ ಆನ್ ರೈಲ್ಸ್ ಮುಂತಾದ ಸಿದ್ಧ ಚೌಕಟ್ಟುಗಳಲ್ಲಿ ಕಟ್ಟುತ್ತಾರೆ. ಅಲ್ಲಿ ಪ್ರಶ್ನಭಾಷೆಯನ್ನು ನೇರವಾಗಿ ಬರೆಯುವ ಅಗತ್ಯ ಕಡಿಮೆ. ‘ವಚನ’ ಎಂದು ಬರೆದು, ಒಂದು ಚುಕ್ಕೆಯಿಟ್ಟು ‘ವಚನಕಾರ’, ಮತ್ತೊಂದು ಚುಕ್ಕೆಯಿಟ್ಟು ‘ಹೆಸರು’ ಎಂದರೆ ಹೆಸರು ಸಿಗುತ್ತದೆ. ಬರೆದವನಿಗೆ ಅದು ಷಷ್ಠೀ ವಿಭಕ್ತಿಯಷ್ಟು ಸಹಜ: ವಚನದ ವಚನಕಾರನ ಹೆಸರು. ಆದರೆ ಆ ಚುಕ್ಕೆಯ ಹಿಂದೆ ದತ್ತಸಂಚಯಕ್ಕೆ ಹೋಗಿಬರುವ ಒಂದು ಪಯಣ ಅಡಗಿದೆ. ಕೇಳುವವರೆಗೂ ತಾರದೆ, ಕೇಳಿದಾಗ ಮಾತ್ರ ತರುವ ಈ ಪದ್ಧತಿಗೆ ‘ಲೇಜಿ ಲೋಡಿಂಗ್’ ಎಂದು ಹೆಸರು. ಒಂದೇ ವಚನವಿದ್ದಾಗ ಇದು ಗುಣ, ನೂರು ವಚನಗಳ ಆವರ್ತನದೊಳಗೆ ಸಿಕ್ಕಾಗ ದೋಷ. ಕಾಡ್ ಅವರು ನಾವಿಕನನ್ನು ದಡಕ್ಕೆ ತಂದು ನಿಲ್ಲಿಸಿದ್ದರು. ನಾವು ನಮಗೇ ಅರಿವಿಲ್ಲದೆ ಅವನನ್ನು ಮತ್ತೆ ದೋಣಿಗೆ ಹತ್ತಿಸಿರುತ್ತೇವೆ.

ಮೊದಲ ದಾರಿ: ಜೋಡಿಸಿ ತರುವುದು

ಪರಿಹಾರದ ಮೊದಲ ದಾರಿ ‘ಜಾಯಿನ್’, ಅಂದರೆ ಜೋಡಣೆ. ‘100 ವಚನಗಳನ್ನು, ಅವುಗಳ ವಚನಕಾರ-ಸಂಖ್ಯೆಗೆ ಹೊಂದುವ ವಚನಕಾರರ ಸಾಲಿನೊಡನೆ ಸೇರಿಸಿ ಕೊಡು’ ಎಂದು ಒಂದೇ ಪ್ರಶ್ನೆಯಲ್ಲಿ ಕೇಳುವುದು. ಉತ್ತರದ ಪ್ರತಿ ಸಾಲಿನಲ್ಲಿಯೂ ವಚನದ ಪಠ್ಯ ಮತ್ತು ವಚನಕಾರರ ಹೆಸರು ಅಕ್ಕಪಕ್ಕದಲ್ಲಿರುತ್ತವೆ. 101 ಪ್ರಶ್ನೆಗಳ ಜಾಗದಲ್ಲಿ ಒಂದೇ ಪ್ರಶ್ನೆ. ಜ್ಯಾಂಗೊ ಚೌಕಟ್ಟಿನಲ್ಲಿ ಈ ಕೆಲಸಕ್ಕೆ ‘ಸೆಲೆಕ್ಟ್ ರಿಲೇಟೆಡ್’ ಎಂಬ ವಿಧಾನವಿದೆ.

ಒಂದು ವಚನಕ್ಕೆ ಒಬ್ಬರೇ ವಚನಕಾರರಿರುವಾಗ ಈ ದಾರಿ ನೇರ. ಒಂದಕ್ಕೆ ಅನೇಕ ಎಂಬ ಸಂಬಂಧ ಬಂದಾಗ ಎಚ್ಚರ ಬೇಕು. ಒಂದು ವಚನಕ್ಕೆ 5 ಟಿಪ್ಪಣಿಗಳಿದ್ದರೆ ಜೋಡಣೆಯ ಫಲಿತಾಂಶದಲ್ಲಿ ಆ ವಚನವು ಐದು ಸಾಲುಗಳಲ್ಲಿ ಬರುತ್ತದೆ. ಅದೇ ಪಠ್ಯ ಐದು ಸಲ ಪುನರುಕ್ತಿಯಾಗುತ್ತದೆ. ಆ ವಚನಕ್ಕೆ 4 ವಿಷಯಸೂಚಿಗಳೂ ಇದ್ದು, ಎರಡನ್ನೂ ಒಂದೇ ಜೋಡಣೆಯಲ್ಲಿ ಕೇಳಿದರೆ, ಪ್ರತಿ ಟಿಪ್ಪಣಿಯೂ ಪ್ರತಿ ವಿಷಯದೊಡನೆ ಸೇರಿ 20 ಸಾಲುಗಳಾಗುತ್ತವೆ. ನೂರು ವಚನಗಳಿಗೆ 2,000 ಸಾಲುಗಳು. ಬೇರೆ ಬೇರೆಯಾಗಿ ತಂದಿದ್ದರೆ 100 ವಚನ, 500 ಟಿಪ್ಪಣಿ, 400 ವಿಷಯ ಸೇರಿ 1,000 ಸಾಲುಗಳು ಸಾಕಾಗುತ್ತಿದ್ದವು. ‘ಮೊದಲ 100 ಸಾಲುಗಳನ್ನು ಮಾತ್ರ ಕೊಡು’ ಎಂಬ ಮಿತಿಯನ್ನು ಇಂಥ ಜೋಡಣೆಯ ಮೇಲೆ ಹಾಕಿದರೆ ಸಿಗುವುದು ಜೋಡಿಸಿದ 100 ಸಾಲುಗಳು. ಅವುಗಳಲ್ಲಿ ಐದೇ ವಚನಗಳು ಇರಬಹುದು.

ಎರಡನೆಯ ದಾರಿ: ಪಟ್ಟಿ ಕೊಟ್ಟು ತರುವುದು

ಇಂಥಲ್ಲಿ ಎರಡನೆಯ ದಾರಿ ಹಿತ. ಮೊದಲ ಪ್ರಶ್ನೆಯಿಂದ 100 ವಚನಗಳನ್ನು ತಂದುಕೊಂಡು, ಅವುಗಳ ಕ್ರಮಸಂಖ್ಯೆಗಳನ್ನೆಲ್ಲ ಒಂದು ಪಟ್ಟಿಯಾಗಿ ಕೂಡಿಸಬೇಕು. ಎರಡನೆಯ ಪ್ರಶ್ನೆಯಲ್ಲಿ ‘ಈ ಪಟ್ಟಿಯಲ್ಲಿರುವ ವಚನಗಳಿಗೆ ಸೇರಿದ ಟಿಪ್ಪಣಿಗಳನ್ನೆಲ್ಲ ಕೊಡು’ ಎಂದು ಕೇಳಬೇಕು. ಮೂರನೆಯದರಲ್ಲಿ ವಿಷಯಗಳು. ಹೀಗೆ ಮೂರು ಪ್ರಶ್ನೆಗಳಲ್ಲಿ ಕೆಲಸ ಮುಗಿಯುತ್ತದೆ. ವಚನಗಳು ನೂರಿದ್ದರೂ ಇನ್ನೂರಿದ್ದರೂ ಪ್ರಶ್ನೆಗಳು ಮೂರೇ. ಬಂದ ಟಿಪ್ಪಣಿಗಳನ್ನು ಆಯಾ ವಚನದ ಕೆಳಗೆ ಹಂಚಿಡುವ ಕೆಲಸವನ್ನು ಪ್ರೋಗ್ರಾಮು ತನ್ನ ಸ್ಮೃತಿಯಲ್ಲಿಯೇ ಮಾಡಿಕೊಳ್ಳುತ್ತದೆ. ವಚನಕಾರರನ್ನೂ ಹೀಗೆ ತರಬಹುದು. ನೂರು ವಚನಗಳು ಹನ್ನೆರಡು ಮಂದಿಯವೇ ಆಗಿದ್ದರೆ ಪಟ್ಟಿಯಲ್ಲಿ ಹನ್ನೆರಡು ಸಂಖ್ಯೆಗಳು ಸಾಕು; ಅವರ ಪರಿಚಯವೂ ಹನ್ನೆರಡು ಸಲ ಮಾತ್ರ ಬರುತ್ತದೆ.

ಗ್ರಂಥಪಾಲಕರ ಬಳಿಗೆ ಒಂದೊಂದು ಪುಸ್ತಕಕ್ಕೂ ಬೇರೆ ಬೇರೆ ಚೀಟಿ ಹಿಡಿದು ಹೋಗುವುದಕ್ಕೂ, ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದು ಕೊಡುವುದಕ್ಕೂ ಇರುವ ಅಂತರ ಇದು. ಜ್ಯಾಂಗೊ ಚೌಕಟ್ಟಿಗೆ ಈ ಸೌಲಭ್ಯ ‘ಪ್ರಿಫೆಚ್ ರಿಲೇಟೆಡ್’ ಎಂಬ ಹೆಸರಿನಲ್ಲಿ 2012ರಲ್ಲಿ ಸೇರಿತು. ರೈಲ್ಸ್ ಚೌಕಟ್ಟಿನಲ್ಲಿ ‘ಪ್ರಿಲೋಡ್’, ‘ಇನ್‌ಕ್ಲೂಡ್ಸ್’ ಎಂಬ ವಿಧಾನಗಳಿವೆ. ಸ್ಥೂಲವಾಗಿ ಹೇಳುವುದಾದರೆ, ಸಂಬಂಧವು ಒಂದೇ ದಾಖಲೆಯ ಕಡೆಗಿದ್ದರೆ ಜೋಡಣೆ ಸೂಕ್ತ; ಅನೇಕ ದಾಖಲೆಗಳ ಕಡೆಗಿದ್ದರೆ ಪಟ್ಟಿಯ ದಾರಿ ಸೂಕ್ತ.

ಮಾಯವಾಗುವ ವಚನಗಳು

ಈವರೆಗೆ ಹೇಳಿದ್ದು ವೇಗದ ಮಾತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಜೋಡಣೆಯಲ್ಲಿ ಎರಡು ಬಗೆ. ‘ಇನ್ನರ್ ಜಾಯಿನ್’ ಎಂಬುದು ಎರಡೂ ಕಡೆ ಹೊಂದಿಕೆಯಿರುವ ಸಾಲುಗಳನ್ನು ಮಾತ್ರ ಕೊಡುತ್ತದೆ. ‘ಲೆಫ್ಟ್ ಜಾಯಿನ್’ ಎಂಬುದು ಮೊದಲ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು, ಹೊಂದಿಕೆಯಿಲ್ಲದಲ್ಲಿ ಖಾಲಿ ಬಿಡುತ್ತದೆ.

ಕರ್ತೃ ಯಾರೆಂದು ತಿಳಿಯದ ವಚನಕ್ಕೆ ವಚನಕಾರ-ಸಂಖ್ಯೆ ಇರುವುದಿಲ್ಲ. ವಚನಗಳನ್ನೂ ವಚನಕಾರರನ್ನೂ ಇನ್ನರ್ ಜಾಯಿನ್‌ನಿಂದ ಜೋಡಿಸಿದರೆ ಅಂಥ ವಚನ ಫಲಿತಾಂಶಕ್ಕೆ ಬರುವುದೇ ಇಲ್ಲ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಪುಟ ಬೇಗನೆ ತೆರೆಯುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ಹೆಸರಿಲ್ಲದವರ ಮಾತು ಅಲ್ಲಿರುವುದಿಲ್ಲ. ಸೊಲ್ಲಾಪುರದಂಥ ದ್ವಿಭಾಷಿಕ ನೆಲದಲ್ಲಿ ವಚನಗಳಿಗೆ ಮರಾಠಿ ಅನುವಾದವನ್ನು ಜೋಡಿಸಿ ತೋರಿಸುವ ಆಸೆ ಸಹಜ. ಅಲ್ಲಿಯೂ ಇದೇ ಎಡವಟ್ಟು ಸಂಭವಿಸಿದರೆ, ಮರಾಠಿಗೆ ಇನ್ನೂ ಬಾರದ ವಚನಗಳೆಲ್ಲ ಕನ್ನಡದ ಪುಟದಿಂದಲೂ ಕಾಣೆಯಾಗುತ್ತವೆ. ಇದನ್ನು ಕಂಡುಹಿಡಿಯಬಲ್ಲವರು ಯಾರು? ಕಾಲಜ್ಞಾನವೂ ಪಾಠಜ್ಞಾನವೂ ಉಳ್ಳ ಕನ್ನಡದ ಓದುಗರು. ಎಷ್ಟು ವಚನಗಳಿರಬೇಕು, ಯಾವುವು ಅಜ್ಞಾತಕರ್ತೃಕ ಎಂಬುದನ್ನು ಬಲ್ಲವರಿಗೆ ಮಾತ್ರ ಇಲ್ಲದಿರುವುದು ಕಾಣುತ್ತದೆ.

ಸೂಚಿಯ ಉಪಕಾರ

ಪ್ರಶ್ನೆಗಳು ಕಡಿಮೆಯಾದ ಮಾತ್ರಕ್ಕೆ ಪ್ರತಿ ಪ್ರಶ್ನೆಯೂ ಬೇಗ ಮುಗಿಯುತ್ತದೆ ಎನ್ನುವಂತಿಲ್ಲ. ‘ಸಿದ್ಧರಾಮರ ವಚನಗಳನ್ನೆಲ್ಲ ಕೊಡು’ ಎಂದಾಗ, 20,000 ಸಾಲುಗಳ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಒಂದು ವಿಧಾನ. ನಿಘಂಟಿನಲ್ಲಿ ಒಂದು ಪದವನ್ನು ಹುಡುಕಲು ನಾವು ಹಾಗೆ ಮಾಡುವುದಿಲ್ಲ. ಅಕಾರಾದಿ ಕ್ರಮವನ್ನು ಹಿಡಿದು ನೇರವಾಗಿ ಆ ಪುಟದ ಬಳಿಗೆ ಹೋಗುತ್ತೇವೆ. ದತ್ತಸಂಚಯದ ‘ಇಂಡೆಕ್ಸ್’ ಅಥವಾ ಸೂಚಿ ಮಾಡುವುದೂ ಇದನ್ನೇ. ಬಹುತೇಕ ಸೂಚಿಗಳು ‘ಬಿ-ಟ್ರೀ’ ಎಂಬ ವೃಕ್ಷರಚನೆಯಲ್ಲಿರುತ್ತವೆ. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿ ರುಡಾಲ್ಫ್ ಬಾಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದ ಈ ರಚನೆಯ ಪ್ರಬಂಧ 1972ರಲ್ಲಿ ಅಚ್ಚಾಯಿತು. ಒಂದು ಗಂಟಿನಿಂದ ನೂರು ಕವಲುಗಳು ಹೊರಡುವುದಾದರೆ, ಮೂರು ಹಂತಗಳಲ್ಲಿ ಹತ್ತು ಲಕ್ಷ ದಾಖಲೆಗಳನ್ನು ಮುಟ್ಟಬಹುದು. 20,000ಕ್ಕೆ ಅದು ಧಾರಾಳವಾಗಿ ಸಾಕು.

ಪ್ರೈಮರಿ ಕೀಗೆ ಸೂಚಿ ತಾನಾಗಿಯೇ ಸಿದ್ಧವಾಗುತ್ತದೆ. ಫಾರಿನ್ ಕೀ ವಿಷಯ ಹಾಗಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ವ್ಯವಸ್ಥೆ ಅದಕ್ಕೂ ಸೂಚಿಯನ್ನು ರಚಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ರಚಿಸುವುದಿಲ್ಲ, ನಾವೇ ಹೇಳಬೇಕು. ಆದ್ದರಿಂದ ವಚನದಿಂದ ವಚನಕಾರರ ಕಡೆಗೆ ಹೋಗುವ ದಾರಿ ಸುಗಮವಾಗಿದ್ದರೂ, ವಚನಕಾರರಿಂದ ವಚನಗಳ ಕಡೆಗೆ ಬರುವ ದಾರಿ ಕಡಿದಾಗಿರಬಹುದು. ಹಾಗೆಂದು ಎಲ್ಲ ಅಂಕಣಗಳಿಗೂ ಸೂಚಿ ಕಟ್ಟುವುದು ಸಲ್ಲದು. ಹೊಸ ದಾಖಲೆ ಸೇರಿದಾಗಲೆಲ್ಲ ಪ್ರತಿ ಸೂಚಿಯನ್ನೂ ತಿದ್ದಬೇಕಾಗುತ್ತದೆ.

ಬೇಕಾದಷ್ಟೇ, ಎಣಿಸಿಕೊಂಡು

ಒಟ್ಟಿಗೆ ತರುವುದು ಒಳ್ಳೆಯದೆಂದು ಎಲ್ಲವನ್ನೂ ತರುವುದೂ ತಪ್ಪೇ. ಪುಟದಲ್ಲಿ ಟಿಪ್ಪಣಿಗಳ ಸಂಖ್ಯೆಯನ್ನಷ್ಟೇ ತೋರಿಸುವುದಿದ್ದರೆ ಟಿಪ್ಪಣಿಗಳನ್ನು ತರಬೇಕಾಗಿಲ್ಲ. ಎಣಿಸಿ ಹೇಳುವಂತೆ ದತ್ತಸಂಚಯಕ್ಕೇ ಕೇಳಬಹುದು. ಹೆಸರು ಮಾತ್ರ ಬೇಕಿದ್ದಲ್ಲಿ ನಾಲ್ಕು ಪುಟಗಳ ಪರಿಚಯ ಬೇಡ. ಸಾವಿರ ವಚನಗಳನ್ನು ಒಂದೇ ಪುಟದಲ್ಲಿ ಸುರಿಯುವ ಬದಲು ಇಪ್ಪತ್ತೈದರಂತೆ ಪುಟಗಳಾಗಿ ವಿಂಗಡಿಸುವುದು ಓದುಗನಿಗೂ ಹಿತ, ಯಂತ್ರಕ್ಕೂ ಹಿತ.

ಇವೆಲ್ಲ ಸರಿಯಾಗಿವೆಯೇ ಎಂದು ಊಹೆಯಿಂದ ನಿರ್ಣಯಿಸಲಾಗದು, ಎಣಿಸಿಯೇ ನೋಡಬೇಕು. ಒಂದು ಪುಟ ಎಷ್ಟು ಪ್ರಶ್ನೆಗಳನ್ನು ಕೇಳಿತು ಎಂಬುದನ್ನು ತೋರಿಸುವ ‘ಡೀಬಗ್ ಟೂಲ್‌ಬಾರ್’ ಎಂಬ ಉಪಕರಣ ಜ್ಯಾಂಗೊ ಬಳಸುವವರಿಗೆ ಲಭ್ಯವಿದೆ. ರೈಲ್ಸ್ ಬಳಸುವವರಿಗೆ ‘ಬುಲೆಟ್’ ಎಂಬುದಿದೆ. ಪರೀಕ್ಷೆಗೆ ಒಂದು ಸರಳ ಉಪಾಯ ಹೀಗಿದೆ: ಹತ್ತು ವಚನಗಳಿರುವಾಗ ಎಷ್ಟು ಪ್ರಶ್ನೆಗಳು ಹೋದವು, ಐವತ್ತಿರುವಾಗ ಎಷ್ಟು ಹೋದವು ಎಂದು ಹೋಲಿಸುವುದು. ಎರಡೂ ಸಂಖ್ಯೆ ಒಂದೇ ಆಗಿದ್ದರೆ ಚಿಂತೆಯಿಲ್ಲ. ವಚನಗಳೊಡನೆ ಪ್ರಶ್ನೆಗಳೂ ಬೆಳೆದರೆ ಎಲ್ಲೋ ಒಂದು ಚುಕ್ಕೆಯ ಹಿಂದೆ ಪಯಣ ಅಡಗಿದೆ ಎಂದರ್ಥ. ಫಲಿತಾಂಶದ ವಚನಗಳ ಸಂಖ್ಯೆಯನ್ನು ಮೂಲ ಕೋಷ್ಟಕದ ಸಂಖ್ಯೆಯೊಡನೆ ತಾಳೆ ನೋಡಿದರೆ, ಮಾಯವಾದ ವಚನಗಳೂ ಬೆಳಕಿಗೆ ಬರುತ್ತವೆ.

ವಿದ್ಯಾರ್ಥಿಗಳು ಇದನ್ನು ಗಣಕಯಂತ್ರವಿಲ್ಲದೆಯೂ ಅಭ್ಯಾಸ ಮಾಡಬಹುದು. ಹತ್ತು ವಚನಗಳನ್ನು ಆಯ್ದುಕೊಂಡು, ಕಾಗದದ ಮೇಲೆ ವಚನ, ವಚನಕಾರ, ಟಿಪ್ಪಣಿ, ಅನುವಾದ ಎಂಬ ನಾಲ್ಕು ಕೋಷ್ಟಕಗಳನ್ನು ಬರೆಯಿರಿ. ಅವುಗಳಲ್ಲಿ ಒಂದಾದರೂ ಅಜ್ಞಾತಕರ್ತೃಕ ವಚನವಿರಲಿ, ಒಂದಾದರೂ ಅನುವಾದವಾಗದ ವಚನವಿರಲಿ. ಒಬ್ಬರು ದತ್ತಸಂಚಯದ ಪಾತ್ರ ವಹಿಸಲಿ, ಇನ್ನೊಬ್ಬರು ಪ್ರಶ್ನೆ ಕೇಳಲಿ. ಎಷ್ಟು ಪ್ರಶ್ನೆಗಳಲ್ಲಿ ಪುಟ ಪೂರ್ಣವಾಯಿತು, ಹತ್ತೂ ವಚನಗಳು ಬಂದವೇ ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಮೊದಲನೆಯದನ್ನು ತಗ್ಗಿಸುವ ಕೌಶಲವನ್ನು ಯಾರು ಬೇಕಾದರೂ ಕಲಿಯಬಹುದು. ಎರಡನೆಯದು ಹತ್ತಕ್ಕೆ ಹತ್ತೂ ಇರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಕನ್ನಡ ಓದಿದವರದೇ.